ಪ್ರಶ್ನೆ ಕೇಳುವ ವಯಸ್ಸು

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರನ್ನು ಹೊರಗಿನವರು ಬಹುಮಟ್ಟಿಗೆ ಒಂದು ಸುರಂಗದ ಹೆಸರಿನಲ್ಲಿಯೇ ಬಲ್ಲರು. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ನೀರು ನಾಲೆಗುಂಟ ಹರಿದು ಬಂದು, ಬಾಗೂರು-ನವಿಲೆ ಸುರಂಗವನ್ನು ಹೊಕ್ಕು, ಸುಮಾರು ೧೦ ಕಿಲೋಮೀಟರ್ ದೂರ ನೆಲದಡಿಯ ಕತ್ತಲೆಯಲ್ಲಿ ಸಾಗಿ, ತುಮಕೂರಿನ ಸೀಮೆಗೆ ಹೋಗುವ ದಾರಿ ಹಿಡಿಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ಹೇಮಾವತಿಯ ದಂಡೆಯನ್ನು ಬಲ್ಲ ಸಾಹಿತ್ಯಪ್ರಿಯರಿಗೆ ಆ ಹೊಳೆ ಹೀಗೆ ನೆಲದ ಹೊಟ್ಟೆಯನ್ನು ಹಾದು ಹೋಗುವುದು ವಿಚಿತ್ರವಾಗಿ ತೋರಬಹುದು. ಕಥೋಲಿಕ ಧರ್ಮಕೇಂದ್ರಗಳಲ್ಲಿ ಹದಿಹರೆಯದ ಮಕ್ಕಳಿಗೆ ಧರ್ಮವನ್ನು ತಿಳಿಸಿಕೊಡುವ ಬಗೆಯನ್ನು ಕುರಿತು ಮಾತನಾಡಬೇಕಾದವನು ನಾಲೆ-ಸುರಂಗಗಳ ವಿಷಯ ಎತ್ತಿದನೇಕೆ ಎಂದು ಕೇಳುಗರು ಅಚ್ಚರಿಪಡಬಾರದು. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದವನು ಬಾಗೂರಿನಿಂದ ಬರುತ್ತಿದ್ದ ಒಬ್ಬ ಹುಡುಗ. ಅವನು ಕೇಳಿದ ಪ್ರಶ್ನೆ ಈ ನೀರಿಗೇ ಸಂಬಂಧಿಸಿದ್ದು.

ಕೆಲವು ವರ್ಷಗಳ ಹಿಂದೆ ನಾನು ಪೇಟೆಯ ಧರ್ಮಕೇಂದ್ರವೊಂದರಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತಿದ್ದೆ. ವಾರದ ಆರು ದಿನ ಶಾಲೆಯಲ್ಲಿ ಹಿಡಿದ ಸೀಮೆಸುಣ್ಣವನ್ನು ಏಳನೆಯ ದಿನವೂ ಹಿಡಿಯಬೇಕಾಗಿ ಬಂದದ್ದರಿಂದ, ಶಾಲೆಯ ಅಭ್ಯಾಸಗಳೂ ನನ್ನ ಜೊತೆಗೇ ಬಂದಿದ್ದವು. ಈ ಹುಡುಗ ಒಂಬತ್ತನೆಯ ತರಗತಿಯವನು. ತಂದೆಯ ಉದ್ಯೋಗದ ನಿಮಿತ್ತ ಅವರ ಕುಟುಂಬ ಬಾಗೂರಿನಲ್ಲಿ ನೆಲೆಸಿತ್ತು. ಅಜ್ಜಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದ. ಅಜ್ಜಿ ಶೆಟ್ಟಿಹಳ್ಳಿಯವರು.

ಶೆಟ್ಟಿಹಳ್ಳಿಯ ಹೆಸರನ್ನು ಈಗ ಎಲ್ಲರೂ ಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ, ೧೮೬೦ರ ಸುಮಾರಿಗೆ, ಫ್ರೆಂಚ್ ಧರ್ಮಪ್ರಚಾರಕರು ಅಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಗಾಥಿಕ್ ಶೈಲಿಯ ಎತ್ತರದ ದೇವಾಲಯವೊಂದನ್ನು ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಜಲಾಶಯ ತುಂಬಿದಾಗ ಊರಿನವರು ಮನೆಮಠ ಬಿಟ್ಟು ಬೇರೆಡೆಗೆ ಹೋದರು. ದೇವಾಲಯ ಮಾತ್ರ ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ಮಾಡಿಲ್ಲದೆ ನಿಲ್ಲುತ್ತದೆ. ಪ್ರವಾಸಿಗಳಿಗೆ ಅದೊಂದು ಸುಂದರ ದೃಶ್ಯ. ಅಜ್ಜಿಗೆ ಅದು ತಾನು ಮದುವೆಯಾದ ಸ್ಥಳ.

ಹಾಸನ ಸೀಮೆಯ ಕಥೋಲಿಕರ ಕಥೆ ಇದಕ್ಕಿಂತಲೂ ಹಳೆಯದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದ ಪಾದ್ರಿ ದ್ಯುಬುವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು, ಹಾಸನದ ಬಳಿ ಬೇಸಾಯಗಾರರ ನೆಲೆಗಳನ್ನು ಮಾಡಿದರು, ಸಿಡುಬಿಗೆ ದೇವಿ ಹಾಕುವುದನ್ನು ಪ್ರಚಾರಕ್ಕೆ ತಂದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ ಲೋಕಪ್ರಸಿದ್ಧರಾದ ಅದೇ ದ್ಯುಬುವಾ, ೧೮೨೩ರಲ್ಲಿ ಫ್ರಾನ್ಸಿಗೆ ಮರಳಿದ ವರ್ಷವೇ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ನೆಲದಲ್ಲಿ ಕ್ರೈಸ್ತಧರ್ಮ ಬೇರೂರುವ ಬಗೆಗೆ ಪೂರ್ಣ ನಿರಾಶೆಯನ್ನು ತೋಡಿಕೊಂಡರು. ಅವರು ಆಸೆ ಬಿಟ್ಟ ಮೇಲೂ ಜನ ಉಳಿದರು. ಹೇಗೆ ಉಳಿದರೆಂದರೆ, ಕಂಠಪಾಠದಿಂದ. ಗುರುಗಳು ತಿಂಗಳಿಗೊಮ್ಮೆ ಬರಲಿ, ವರ್ಷಕ್ಕೊಮ್ಮೆ ಬರಲಿ, ಉಪದೇಶಿ ಹೇಳಿಕೊಟ್ಟ ಪ್ರಾರ್ಥನೆ ನಾಲಿಗೆಯ ಮೇಲಿರುತ್ತಿತ್ತು.

ಈಗ ನನ್ನ ತರಗತಿಗೆ ಬರುತ್ತೇನೆ. ಆ ವರ್ಷ ಧರ್ಮಾಧ್ಯಕ್ಷರು ದೃಢೀಕರಣ ಸಂಸ್ಕಾರ ನೀಡಲು ಬರುವವರಿದ್ದರು. ಶಿಶುವಿಗೆ ಹೆತ್ತವರು ಕೊಡಿಸಿದ ದೀಕ್ಷಾಸ್ನಾನವನ್ನು ಬೆಳೆದ ಮಗು ತನ್ನ ಬಾಯಿಂದಲೇ ಒಪ್ಪಿಕೊಂಡು, ಪವಿತ್ರಾತ್ಮರ ಬಲವನ್ನು ಪಡೆಯುವ ಸಂಸ್ಕಾರ ಅದು. ಬಂದವರು ಮಕ್ಕಳನ್ನು ಎಬ್ಬಿಸಿ ಪ್ರಶ್ನೆ ಕೇಳುವುದುಂಟು. ಹೀಗಾಗಿ ವಾರಕ್ಕೆ ಹತ್ತು ಪ್ರಶ್ನೆಗಳಂತೆ ಉತ್ತರ ಬಾಯಿಪಾಠ ಮಾಡಿಸಿ ಮುಗಿಸಬೇಕೆಂಬ ಆತುರ ನನಗೆ. ಒಂದು ಭಾನುವಾರ ಹುಡುಗ ಎದ್ದು ನಿಂತ.

“ಸಾರ್, ನಮ್ಮಜ್ಜಿಯ ಊರು ಮುಳುಗಿಸಿದ ನೀರೇ ನಮ್ಮೂರ ಸುರಂಗದಲ್ಲಿ ಹೋಗೋದು. ತುಮಕೂರಿನವರ ಹೊಲಕ್ಕೆ ಒಳ್ಳೇದಾಯಿತು, ನಮ್ಮಜ್ಜಿಗೆ ಕೆಟ್ಟದ್ದಾಯಿತು. ದೇವರು ಯಾರ ಕಡೆ?”

ನಾನು ಕೊಟ್ಟ ಉತ್ತರವನ್ನು ಮರೆಮಾಚದೆ ಹೇಳಿಬಿಡುತ್ತೇನೆ. “ಎಲ್ಲವೂ ದೇವರ ಚಿತ್ತ. ಕೂತುಕೋ. ಏಳನೆಯ ಪ್ರಶ್ನೆ ಯಾರು ಹೇಳುತ್ತೀರಿ?” ಎಂದೆ. ಹುಡುಗ ಕೂತ. ಮುಂದಿನ ಭಾನುವಾರ ಅಜ್ಜಿ ಒಬ್ಬರೇ ಬಂದರು. ಅದರ ಮುಂದಿನ ವಾರವೂ ಒಬ್ಬರೇ.

ಪ್ರಶ್ನೋತ್ತರದ ಪದ್ಧತಿಯನ್ನು ಹಳಿಯುವುದು ಇಂದು ಬಹು ಸುಲಭ. ನಾನು ಹಳಿಯಲಾರೆ. ಹದಿನಾರನೆಯ ಶತಮಾನದಲ್ಲಿ ಯೂರೋಪಿನಲ್ಲಿ ಅಚ್ಚಿನ ಯಂತ್ರದ ಬೆನ್ನಿಗೆ ಹುಟ್ಟಿಕೊಂಡ ಆ ಚಿಕ್ಕ ಪುಸ್ತಕಗಳು, ಅಕ್ಷರ ಬಾರದ ರೈತನ ಮಗುವಿಗೂ ಧರ್ಮದ ತಿರುಳನ್ನು ತಲುಪಿಸಿದವು. ೧೯೦೫ರಲ್ಲಿ ಹತ್ತನೆಯ ಪಿಯೂಸ್ ಜಗದ್ಗುರುಗಳು ಪ್ರತಿ ಭಾನುವಾರ ಹುಡುಗ ಹುಡುಗಿಯರಿಗೆ ಒಂದು ಗಂಟೆ ಧರ್ಮೋಪದೇಶ ನಡೆಯಲೇಬೇಕೆಂದು ಗುರುಗಳಿಗೆ ಕಟ್ಟಪ್ಪಣೆ ಮಾಡಿದರು. ೧೯೧೦ರಲ್ಲಿ ಅವರೇ, ಏಳು ವರ್ಷದ ಸುಮಾರಿಗೆ ತಿಳಿವು ಬಂದ ಮಗುವಿಗೆ ಪರಮಪ್ರಸಾದವನ್ನು ಕೊಡಬಹುದೆಂದು ವಿಧಿಸಿದರು. ಅಲ್ಲಿಯವರೆಗೆ ಅನೇಕ ಕಡೆ ಹತ್ತು, ಹನ್ನೆರಡು, ಹದಿನಾಲ್ಕು ವರ್ಷಗಳವರೆಗೆ ಮಕ್ಕಳನ್ನು ಕಾಯಿಸುತ್ತಿದ್ದರು. ಏಳು ವರ್ಷದ ಮಗುವಿಗೆ ಬಾಯಿಪಾಠವೆಂದರೆ ಆಟ. ಕೋಗಿಲೆಯಂತೆ ಒಪ್ಪಿಸುತ್ತದೆ, ಚಾಕೊಲೇಟು ಪಡೆದು ಓಡುತ್ತದೆ. ತೊಂದರೆ ಬರುವುದು ಆ ಮಗು ಹದಿನಾಲ್ಕು ವರ್ಷದವನಾಗಿ ಅದೇ ಬೆಂಚಿನ ಮೇಲೆ ಮೊಳಕಾಲು ಮಡಿಸಲಾಗದೆ ಕೂತಾಗ. ಅವನ ದೇಹ ಬೆಳೆದಿದೆ, ದನಿ ಒಡೆದಿದೆ, ನಮ್ಮ ಪುಸ್ತಕ ಮಾತ್ರ ಬೆಳೆದಿಲ್ಲ.

ದೃಢೀಕರಣವನ್ನು ಯಾವ ವಯಸ್ಸಿನಲ್ಲಿ ಕೊಡಬೇಕೆಂಬುದು ಸಭೆಯೊಳಗೆ ಹಳೆಯ ಚರ್ಚೆ. ೧೯೮೩ರ ಧರ್ಮಸಭಾ ಶಾಸನ ತಿಳಿವಿನ ವಯಸ್ಸಿನ ಆಸುಪಾಸು ಎನ್ನುತ್ತದೆ. ಬೇರೆ ವಯಸ್ಸನ್ನು ಗೊತ್ತುಮಾಡಿಕೊಳ್ಳಲು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೆ ಅವಕಾಶವನ್ನೂ ಕೊಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಪ್ರೌಢಶಾಲೆಯ ಮಕ್ಕಳಿಗೆ ಆಗುತ್ತದೆ. ಅಂದು ಹೊಸ ಬಟ್ಟೆ, ಜ್ಞಾನತಂದೆಯ ಕೈ ಹೆಗಲ ಮೇಲೆ, ಹಣೆಗೆ ತೈಲ, ಮಧ್ಯಾಹ್ನ ಬಿರಿಯಾನಿ. ಮರುವಾರ ಬೆಂಚು ಖಾಲಿ. ಧರ್ಮದಲ್ಲಿ ದೃಢಗೊಳಿಸುವ ಸಂಸ್ಕಾರವೇ ಹೆಚ್ಚಿನ ಮಕ್ಕಳಿಗೆ ಧರ್ಮೋಪದೇಶದಿಂದ ಬಿಡುಗಡೆಯ ಪತ್ರವಾಗುವುದನ್ನು ನೋಡಿ ಗುರುಗಳು ನಗುತ್ತಾರೆ. ಆ ನಗೆಯಲ್ಲಿ ಸಂತೋಷವೇನೂ ಇಲ್ಲ.

ಬಾಗೂರಿನ ಹುಡುಗನ ಸ್ಥಿತಿ ಇನ್ನೂ ಬೇರೆ. ಅವನ ತರಗತಿಯಲ್ಲಿ ಕ್ರೈಸ್ತನೆಂದರೆ ಅವನೊಬ್ಬನೇ. ಗೆಳೆಯರು ಕೆಟ್ಟವರಲ್ಲ, ಗಣೇಶನ ಹಬ್ಬಕ್ಕೆ ಅವನೂ ಚಪ್ಪರ ಕಟ್ಟಿದವನೇ, ಕ್ರಿಸ್ಮಸ್ಸಿಗೆ ಅವರೂ ಅವನ ಮನೆಯ ಗೋದಲಿ ನೋಡಿ ಕೇಕು ತಿಂದವರೇ. ಆದರೆ ಹುಡುಗರು ಹುಡುಗರಂತೆ ಕೇಳುತ್ತಾರೆ. ನಿಮ್ಮ ದೇವರು ಇಂಗ್ಲಿಷಿನವನೇನೋ? ಸತ್ತವನು ಎದ್ದು ಬಂದ ಅಂತೀಯಲ್ಲ, ನೋಡಿದವರು ಯಾರು? ನೀವು ಮೊದಲು ಯಾವ ಜಾತಿ? ಇವಕ್ಕೆ ನನ್ನ ಪುಸ್ತಕದ ನೂರಾರು ಉತ್ತರಗಳಲ್ಲಿ ಒಂದೂ ಹೊಂದುವುದಿಲ್ಲ. ವರ್ಷಕ್ಕೊಮ್ಮೆ ಬರುವ ಧರ್ಮಾಧ್ಯಕ್ಷರ ಪ್ರಶ್ನೆಗೆ ನಾವು ಅವನನ್ನು ಸಿದ್ಧಗೊಳಿಸಿದ್ದೆವು. ದಿನವೂ ಪಕ್ಕದಲ್ಲಿ ಕೂರುವ ಗೆಳೆಯನ ಪ್ರಶ್ನೆಗೆ ಅಲ್ಲ. ತನ್ನದೇ ಮನಸ್ಸಿನ ಪ್ರಶ್ನೆಗಂತೂ ಅಲ್ಲವೇ ಅಲ್ಲ.

ಲೂಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಯೇಸುವಿನ ಪ್ರಸಂಗವೊಂದಿದೆ. ಹಬ್ಬಕ್ಕೆ ಜೆರುಸಲೇಮಿಗೆ ಹೋದ ತಂದೆತಾಯಿ ಮರಳುವಾಗ ಹುಡುಗ ಗುಂಪಿನಲ್ಲಿರಬಹುದೆಂದು ಒಂದು ದಿನದ ದಾರಿ ನಡೆದುಬಿಡುತ್ತಾರೆ. ಹುಡುಕಿ ಹುಡುಕಿ ಮೂರು ದಿನದ ಮೇಲೆ ನೋಡಿದರೆ, ಹುಡುಗ ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಕೇಳುತ್ತಿದ್ದಾನೆ, ಪ್ರಶ್ನೆ ಹಾಕುತ್ತಿದ್ದಾನೆ. ತಾಯಿ ಗದರಿದಾಗ ಅವನು ಕೊಡುವ ಉತ್ತರವೂ ಪ್ರಶ್ನೆಯೇ. ಲೂಕನು ನಮಗೆ ಕೇಳಿಸುವ ಯೇಸುವಿನ ಮೊಟ್ಟಮೊದಲ ಮಾತು ಅದು. ನಮ್ಮ ನಾಡಿನ ಓದುಗರಿಗೆ ಕಠೋಪನಿಷತ್ತಿನ ನಚಿಕೇತ ಇಲ್ಲಿ ನೆನಪಾಗದೆ ಇರಲಾರ. ಬಡಕಲು ಹಸುಗಳನ್ನು ದಾನ ಮಾಡುತ್ತಿದ್ದ ತಂದೆಯನ್ನು ಆ ಹುಡುಗ, ನನ್ನನ್ನು ಯಾರಿಗೆ ಕೊಡುತ್ತೀಯೆ ಎಂದು ಒಂದಲ್ಲ, ಮೂರು ಸಲ ಕೇಳಿದ. ತಂದೆ ಸಿಟ್ಟಾಗಿ ಯಮನಿಗೆ ಎಂದ. ಯಮನಾದರೋ ತಂದೆಗಿಂತ ಒಳ್ಳೆಯ ಉಪಾಧ್ಯಾಯ. ಮನೆಯಲ್ಲಿ ಇಲ್ಲದಾಗ ಬಂದ ಅತಿಥಿಯನ್ನು ಮೂರು ರಾತ್ರಿ ಕಾಯಿಸಿದ್ದಕ್ಕೆ ಕ್ಷಮೆ ಬೇಡಿ, ಕೂರಿಸಿ ಮಾತನಾಡಿದ. ಈ ಎರಡು ಕಥೆಗಳನ್ನೂ ನಾನು ಬಾಲ್ಯದಿಂದ ಬಲ್ಲೆ. ಆದರೂ ನನ್ನ ತರಗತಿಯಲ್ಲಿ ಎದ್ದು ನಿಂತವನಿಗೆ ಕೂತುಕೋ ಎಂದೆ.

ಹದಿಹರೆಯದವರೊಡನೆ ಹೇಗೆ ಮಾತು ಆರಂಭಿಸಬೇಕೆಂಬುದಕ್ಕೆ ಸಂತ ದೊನ್ ಬಾಸ್ಕೊ ಅವರ ಜೀವನದಲ್ಲಿ ಒಂದು ಘಟನೆಯಿದೆ. ೧೮೪೧ರ ಡಿಸೆಂಬರ್ ೮ರಂದು ಇಟಲಿಯ ತೂರಿನ್ ನಗರದ ದೇವಾಲಯವೊಂದರಲ್ಲಿ ಅವರು ಪೂಜೆಗೆ ಅಣಿಯಾಗುತ್ತಿದ್ದರು. ಚಳಿಗೆ ಒಳಗೆ ಬಂದಿದ್ದ ಗಾರೆ ಕೆಲಸದ ಅನಾಥ ಹುಡುಗನೊಬ್ಬನನ್ನು, ಪೂಜೆಗೆ ನೆರವಾಗಲು ಬಾರದೆಂಬ ಕಾರಣಕ್ಕೆ, ದೇವಾಲಯದ ಪರಿಚಾರಕ ಹೊಡೆದು ಅಟ್ಟಿದ. ದೊನ್ ಬಾಸ್ಕೊ ಅವನು ತನ್ನ ಗೆಳೆಯನೆಂದು ಹೇಳಿ ಕರೆತರಿಸಿದರು. ಓದು ಬರುತ್ತದೆಯೆ, ಇಲ್ಲ. ಹಾಡು ಬರುತ್ತದೆಯೆ, ಇಲ್ಲ. ಕೊನೆಗೆ, ಸಿಳ್ಳೆ ಹಾಕಲು ಬರುತ್ತದೆಯೆ ಎಂದು ಕೇಳಿದರು. ಹುಡುಗ ನಕ್ಕ. ಸಲೇಷಿಯನ್ನರ ಶಾಲೆ, ತರಬೇತಿ ಕೇಂದ್ರಗಳು ಇಂದು ನಮ್ಮ ರಾಜ್ಯವೂ ಸೇರಿ ಲೋಕದಲ್ಲೆಲ್ಲ ಇವೆ. ಅವುಗಳ ಮೂಲ ಈ ಸಿಳ್ಳೆಯಲ್ಲಿದೆಯೆಂದು ಅವರೇ ಹೇಳಿಕೊಳ್ಳುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಪಾದ್ರಿ ಕಾರ್ಡೈನ್ ಇನ್ನೊಂದು ದಾರಿ ತೋರಿದರು. ಕಾರ್ಖಾನೆಗೆ ಹೋಗುವ ಹುಡುಗ ಹುಡುಗಿಯರನ್ನು ಕೂಡಿಸಿ ೧೯೨೫ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘವನ್ನು ರೂಪಿಸಿದ ಅವರ ಸೂತ್ರ ಮೂರೇ ಪದಗಳದ್ದು: ನೋಡು, ತೂಗು, ಮಾಡು. ನಿನ್ನ ಸುತ್ತ ಏನು ನಡೆದಿದೆಯೆಂಬುದನ್ನು ಮೊದಲು ನೋಡು, ಅದನ್ನು ಶುಭಸಂದೇಶದ ತಕ್ಕಡಿಯಲ್ಲಿ ತೂಗು, ಕೈಲಾದುದನ್ನು ಮಾಡು. ಇಪ್ಪತ್ತಮೂರನೆಯ ಯೊವಾನ್ನರು ೧೯೬೧ರ ವಿಶ್ವಪತ್ರದಲ್ಲಿ ಈ ಕ್ರಮವನ್ನು ಎತ್ತಿಹಿಡಿದರು. ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಅದರ ಶಾಖೆ ನಮ್ಮ ದೇಶದ ಶಾಲೆಗಳಲ್ಲೂ ಕೆಲಸ ಮಾಡಿದೆ. ಬಾಗೂರಿನ ಹುಡುಗ ಯಾವ ಸಂಘಕ್ಕೂ ಸೇರದೆಯೇ ನೋಡುವುದನ್ನು ಮುಗಿಸಿದ್ದ: ನಾಲೆಯ ನೀರನ್ನು ನೋಡಿದ್ದ, ಅಜ್ಜಿಯ ಕಣ್ಣನ್ನು ನೋಡಿದ್ದ. ತೂಗಲು ಜೊತೆಗೊಬ್ಬರು ಬೇಕೆಂದು ನನ್ನ ಬಳಿಗೆ ಬಂದಿದ್ದ.

ಮಾಡುವ ಮಾತು ಬಂದಾಗ ನಮ್ಮ ಧರ್ಮಕೇಂದ್ರಗಳ ಕೈ ತುಸು ಬಿಗಿ. ಹಬ್ಬದ ದಿನ ಕುರ್ಚಿ ಹೊರಲು, ತೋರಣ ಕಟ್ಟಲು, ಧ್ವನಿವರ್ಧಕದ ತಂತಿ ಎಳೆಯಲು ಹುಡುಗರು ಬೇಕು. ಧರ್ಮಕೇಂದ್ರದ ಸಭೆಯಲ್ಲಿ ಅವರಿಗೆ ಮಾತಿಲ್ಲ. ಹುಡುಗಿಯರ ಪಾಡು ಇನ್ನೊಂದು ಬಗೆ. ಅವರು ತರಗತಿಯನ್ನು ಹುಡುಗರಷ್ಟು ಬೇಗ ಬಿಡುವುದಿಲ್ಲ. ಬಿಡದವರಿಗೆ ಸಿಗುವುದು ಕಸಪೊರಕೆ, ಹೂವಿನ ಬುಟ್ಟಿ. ಪೂಜಾಪೀಠದ ಸೇವೆಗೆ ಹುಡುಗಿಯರನ್ನೂ ಸೇರಿಸಿಕೊಳ್ಳಬಹುದೆಂದು ರೋಮಿನಿಂದ ಅನುಮತಿ ಬಂದದ್ದು ೧೯೯೪ರಲ್ಲಿ. ವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವೆಗಳು ಸ್ತ್ರೀಯರಿಗೂ ತೆರೆದದ್ದು ೨೦೨೧ರಲ್ಲಿ, ಫ್ರಾನ್ಸಿಸ್ ಜಗದ್ಗುರುಗಳ ಕಾಲದಲ್ಲಿ. ಅದೇ ವರ್ಷ ಉಪದೇಶಿಗಳ ಸೇವೆಗೂ ಅಧಿಕೃತ ಸ್ಥಾನ ದೊರಕಿತು. ಕಾಗದ ಬಂದ ವೇಗದಲ್ಲಿ ಪದ್ಧತಿ ಬದಲಾಗುವುದಿಲ್ಲವೆಂಬುದು ಸರ್ಕಾರಿ ಕಚೇರಿಯನ್ನು ಬಲ್ಲ ಯಾರಿಗೂ ಹೊಸದಲ್ಲ. ಹದಿನೈದರ ಹುಡುಗಿಯೊಬ್ಬಳು ಚಿಕ್ಕ ಮಕ್ಕಳ ತರಗತಿಯನ್ನು ನನಗಿಂತ ಚೆನ್ನಾಗಿ ನಡೆಸಿದ್ದನ್ನು ನಾನು ಕಂಡಿದ್ದೇನೆ. ಬೇರೆಯವರಿಗೆ ಹೇಳಿಕೊಡುವಾಗ ಅವಳ ಸಂಶಯಗಳು ಅವಳಿಗೇ ಸ್ಪಷ್ಟವಾಗುತ್ತಿದ್ದವು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಆಡಬೇಕು. ಮಕ್ಕಳ ಜೊತೆ ನಡೆಯುವ ಹಿರಿಯರು ಬಾಗಿಲು ತೆರೆದಿಟ್ಟು ನಡೆಯಬೇಕು. ಲೋಕದ ನಾನಾ ಕಡೆ ಧರ್ಮಸಭೆಯೊಳಗೇ ಮಕ್ಕಳಿಗಾದ ಅನ್ಯಾಯ, ಅದನ್ನು ಮುಚ್ಚಿಟ್ಟ ದೊಡ್ಡವರ ಮೌನ ಈಗ ಗುಟ್ಟಲ್ಲ. ನಮ್ಮ ದೇಶದಲ್ಲಿ ೨೦೧೨ರ ಪೋಕ್ಸೊ ಕಾಯಿದೆ ಇದೆ. ಇಂತಹ ಅಪರಾಧ ತಿಳಿದೂ ದೂರು ಕೊಡದಿರುವುದು ಅದರ ಪ್ರಕಾರ ತಾನೇ ಅಪರಾಧ. ಮಗುವಿನ ನಂಬಿಕೆಯನ್ನು ಗಳಿಸುವುದು ಎಂಬ ಮಾತನ್ನು ಲಘುವಾಗಿ ಆಡುವ ಕಾಲ ಮುಗಿಯಿತು.

ಹಳ್ಳಿಯ ಮಕ್ಕಳು ಹದಿನಾರಕ್ಕೆ ಪಿಯುಸಿಗೆಂದು ಹಾಸನಕ್ಕೋ ಮೈಸೂರಿಗೋ, ಅಲ್ಲಿಂದ ಬೆಂಗಳೂರಿಗೋ ಹೊರಡುತ್ತಾರೆ. ೧೯೬೨ರಿಂದ ೧೯೬೫ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನಿನ ಜಾಗಕ್ಕೆ ಕನ್ನಡ ಬಂದದ್ದರಿಂದ, ಈ ಮಕ್ಕಳಿಗೆ ದೇವರೊಡನೆ ಮಾತನಾಡುವ ಭಾಷೆಯೂ ಅಮ್ಮನೊಡನೆ ಆಡುವ ಭಾಷೆಯೂ ಒಂದೇ. ಬೆಂಗಳೂರಿನ ದೊಡ್ಡ ದೇವಾಲಯದಲ್ಲಿ ಗಿಟಾರು, ಇಂಗ್ಲಿಷ್ ಗೀತೆ, ತಮಿಳು ಪೂಜೆಗಳ ನಡುವೆ ಕನ್ನಡದ ವೇಳೆಯನ್ನು ಹುಡುಕಿಕೊಂಡು ಹೋಗಬೇಕು. ಅಲ್ಲಿ ಕನ್ನಡದ ಸ್ಥಾನಕ್ಕಾಗಿ ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದ್ದಾರೆ. ಆ ಕಥೆ ಇನ್ನೊಂದು ಭಾಷಣಕ್ಕಾಗುವಷ್ಟಿದೆ. ನಾನು ಹೇಳಹೊರಟದ್ದು ಇಷ್ಟೆ: ಊರು ಬಿಡುವ ಮೊದಲಿನ ಎರಡು ಮೂರು ವರ್ಷ ಮಾತ್ರ ಅವರು ನಮ್ಮ ಕೈಯಲ್ಲಿರುತ್ತಾರೆ. ೨೦೧೮ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಯುವಜನರನ್ನೇ ಕುರಿತು ಧರ್ಮಾಧ್ಯಕ್ಷರ ಸಭೆ ನೆರೆದಾಗ, ಅವರು ಮುಂದಿಟ್ಟುಕೊಂಡ ಚಿತ್ರ ಎಮ್ಮಾವುಸಿನ ದಾರಿಯದು. ಆಸೆ ಕಳೆದುಕೊಂಡು ಊರು ಬಿಟ್ಟು ಹೊರಟ ಇಬ್ಬರ ಜೊತೆ ಅಪರಿಚಿತನೊಬ್ಬ ಹೆಜ್ಜೆ ಹಾಕುತ್ತಾನೆ. ಏನು ಮಾತನಾಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾನೆ. ಅವರು ಹೇಳಿ ಮುಗಿಸುವವರೆಗೆ ತಾನು ತಿಳಿಸಬೇಕಾದ್ದನ್ನು ತಡೆದಿಟ್ಟುಕೊಳ್ಳುತ್ತಾನೆ. ಅವರು ಹೋಗುತ್ತಿದ್ದುದಾದರೋ ತಪ್ಪು ದಿಕ್ಕಿಗೆ. ಆದರೂ ಜೊತೆಗೆ ನಡೆದ.

ಮೂರನೆಯ ಭಾನುವಾರವೂ ಹುಡುಗ ಬಾರದಿದ್ದಾಗ ನಾನು ಅಜ್ಜಿಯ ಜೊತೆ ಬಾಗೂರಿನ ಬಸ್ಸು ಹತ್ತಿದೆ. ಅವನು ಮನೆಯ ಹಿಂದೆ ತೆಂಗಿನ ಗರಿ ಸೀಳುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಮಾತನಾಡಲಿಲ್ಲ. “ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಬಾಯಿ ಮುಚ್ಚಿಸಿದೆ” ಎಂದೆ. ಅವನು ಗರಿಯನ್ನೇ ನೋಡುತ್ತ, “ಪರವಾಗಿಲ್ಲ ಸಾರ್” ಎಂದ. ಪರವಾಗಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮೂವರೂ ಶೆಟ್ಟಿಹಳ್ಳಿಗೆ ಹೋದೆವು. ಅದು ಹುಡುಗನದೇ ಬೇಡಿಕೆ. ಅಜ್ಜಿ ಮೊದಲು ಒಲ್ಲೆನೆಂದರು, ಆಮೇಲೆ ರೊಟ್ಟಿ ಕಟ್ಟಿಕೊಂಡು ಎಲ್ಲರಿಗಿಂತ ಮುಂಚೆ ಹೊರಟು ನಿಂತರು. ಫೋಟೋ ತೆಗೆಯುವವರ ನಡುವೆ ಹಾದು, ಮಾಡಿಲ್ಲದ ಗೋಡೆಗಳ ಒಳಗೆ ಹೋಗಿ, ಬಿರುಕುಬಿಟ್ಟ ಕೆಸರಿನ ಮೇಲೆ ಮೊಳಕಾಲೂರಿದರು. ತಾವು ಹುಡುಗಿಯಾಗಿದ್ದಾಗ ಕಲಿತ ಲತೀನಿನ ಸ್ತುತಿಯೊಂದನ್ನು ತಡವರಿಸದೆ ಹಾಡಿದರು. ಮುಗಿದ ಮೇಲೆ ಹುಡುಗ ಕೇಳಿದ:

“ಏನಜ್ಜಿ ಅದರ ಅರ್ಥ?”

“ನನಗೇನು ಗೊತ್ತು ಮಗ. ಕೇಳಿಸಿಕೊಳ್ಳೋನಿಗೆ ಗೊತ್ತಿರುತ್ತೆ.”

ಹುಡುಗ ನಕ್ಕುಬಿಟ್ಟ. ಹಿಂತಿರುಗುವ ಬಸ್ಸಿನಲ್ಲಿ ತನ್ನ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದ. ನನಗೆ ತಿಳಿಯದೆಂದೆ, ಅಂದಿನಿಂದ ಅದನ್ನೇ ಯೋಚಿಸುತ್ತಿರುವುದನ್ನೂ ಹೇಳಿದೆ. ನಿನಗೇನು ತೋರುತ್ತದೆ ಎಂದು ಕೇಳಿದ್ದೇ ತಡ, ಹಾಸನದ ಬಸ್ ನಿಲ್ದಾಣ ಬರುವವರೆಗೆ ಅವನು ಮಾತು ನಿಲ್ಲಿಸಲಿಲ್ಲ. ತುಮಕೂರಿನವರಿಗೆ ನೀರು ಬೇಡವೆಂದು ತಾನು ಹೇಳುತ್ತಿಲ್ಲವಂತೆ. ಆದರೆ ಮುಳುಗಿದವರನ್ನು ಯಾರಾದರೂ ಬಂದು ಒಂದು ಮಾತು ಕೇಳಬೇಕಿತ್ತಂತೆ. ದೇವರಲ್ಲದಿದ್ದರೆ ದೇವರ ಕಡೆಯವರಾದರೂ. ಅಜ್ಜಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ಮುಂದಿನ ಭಾನುವಾರ ಅವನು ಬಂದ. ತನಗಿಂತ ಚಿಕ್ಕವರಾದ ಇಬ್ಬರಿಗೆ ಬೆಂಚಿನಲ್ಲಿ ಜಾಗ ಬಿಟ್ಟು ಗೋಡೆಗೊರಗಿ ನಿಂತ. ನಾನು ಪುಸ್ತಕ ತೆರೆಯುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. ಆ ದಿನ ತರಗತಿ ಎರಡನೆಯ ಪ್ರಶ್ನೆಯನ್ನು ದಾಟಲಿಲ್ಲ.